ಎಲ್ಲರ ಊರ ಹಿಂದೆಯೂ ಬಿದ್ದ ಬೆಂಕಿಯುಂಡೆ

ಸಂಜೆ ಏಳು ಗಂಟೆ ಎಂದುಕೊಳ್ಳಿ. ಪಡುವಣದ ಕೆಂಪು ಆರಿ ನಾಲ್ಕಾರು ನಕ್ಷತ್ರಗಳು ಮೂಡಿವೆ. ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುವವರು, ಟ್ಯೂಷನ್ ಮುಗಿಸಿ ಸೈಕಲ್ ತುಳಿಯುವವರು, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತವರು. ಇದ್ದಕ್ಕಿದ್ದಂತೆ ಅವರ ಮೇಲೆಲ್ಲ ಬೆಳಕು ಚೆಲ್ಲುತ್ತದೆ. ತಲೆಯೆತ್ತಿದರೆ ಹಸಿರು ಬೆರೆತ ಬಿಳಿಯ ಉಂಡೆಯೊಂದು, ಹಿಂದೆ ಕಿತ್ತಳೆ ಬಣ್ಣದ ಬಾಲ ಬಿಟ್ಟುಕೊಂಡು, ಆಕಾಶವನ್ನು ಅಡ್ಡಲಾಗಿ ಸೀಳಿಕೊಂಡು ಹೋಗುತ್ತಿದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದನ್ನು ಎಣಿಸುವಷ್ಟರಲ್ಲಿ ಎರಡು ಮೂರು ಕಿಡಿಗಳಾಗಿ ಒಡೆದು ಆರಿಹೋಯಿತು.

ಆಮೇಲೆ ಶುರುವಾಗುತ್ತದೆ ಮಾತು. ದೊಡ್ಡಬಳ್ಳಾಪುರದ ತಾತ, “ಮಾಕಳಿ ಬೆಟ್ಟದ ಎಡಕ್ಕೆ ಬಿತ್ತು, ನಾನೇ ಕಣ್ಣಾರೆ ಕಂಡೆ” ಅನ್ನುತ್ತಾರೆ. ನೆಲಮಂಗಲದಲ್ಲಿ, “ಇಲ್ಲೇ, ಶಿವಗಂಗೆ ಬೆಟ್ಟದ ಬಲಕ್ಕೆ.” ದೇವನಹಳ್ಳಿಯ ಕಡೆಯ ಅಜ್ಜಿಗೆ ಅದು ಊರ ಪಡುವಣದ ತೋಪಿನ ಹಿಂದೆ ಬಿದ್ದದ್ದು ಗ್ಯಾರಂಟಿ. ಹೊಸಕೋಟೆಯ ಹುಡುಗ ತಾರಸಿಯಿಂದ ಇಳಿದು ಬಂದು, “ಎದುರು ಮನೆ ನೀರಿನ ಟ್ಯಾಂಕ್ ಹಿಂದಕ್ಕೇ ಬಿತ್ತು ಕಣಮ್ಮಾ, ಟಾರ್ಚ್ ಕೊಡು” ಎಂದು ಕೇಳುತ್ತಾನೆ.

ಈ ಸಂಜೆಯನ್ನು ನಾವು ಕಲ್ಪಿಸಿಕೊಂಡದ್ದು. ಆದರೆ ಪ್ರಪಂಚದಲ್ಲಿ ಎಲ್ಲೇ ಬೆಂಕಿಯುಂಡೆ ಕಾಣಿಸಲಿ, ಮಾತು ನಡೆಯುವುದು ಹೀಗೇ. ನಾಲ್ವರೂ ಸುಳ್ಳು ಹೇಳುತ್ತಿಲ್ಲ. ನೋಡಿದ ದಿಕ್ಕು ನಾಲ್ವರದ್ದೂ ಸರಿ. ಹತ್ತಿರದಲ್ಲೇ ಬಿತ್ತು ಎಂದುಕೊಂಡದ್ದು ಮಾತ್ರ ತಪ್ಪು. ಈ ನಾಲ್ವರ ಮಾತನ್ನು ಒಂದೇ ನಕ್ಷೆಯ ಮೇಲೆ ಇಟ್ಟರೆ ಏನಾಗುತ್ತದೆ ಎನ್ನುವುದು ಬೆಂಕಿಯುಂಡೆಯಷ್ಟೇ ಸ್ವಾರಸ್ಯದ ಸಂಗತಿ.

ಮುಷ್ಟಿಯಲ್ಲಿ ಅಳೆಯುವ ಆಕಾಶ

ಮೊದಲು ಆ ಉಂಡೆ ಏನು ಎಂದು ನೋಡೋಣ. ಸೂರ್ಯನ ಸುತ್ತ ತಿರುಗುವ ಕಲ್ಲಿನ ಚೂರುಗಳು ಭೂಮಿಯ ಗಾಳಿಗೆ ಸಿಕ್ಕಿ ಉರಿದರೆ ಉಲ್ಕೆ. ನಾವು ‘ನಕ್ಷತ್ರ ಬಿತ್ತು’ ಅನ್ನುವ ಸಾಮಾನ್ಯ ಉಲ್ಕೆ ಎಷ್ಟು ದೊಡ್ಡದು ಗೊತ್ತೆ, ಮಕ್ಕಳೇ? ಮರಳಿನ ಕಣದಷ್ಟು, ಹೆಚ್ಚೆಂದರೆ ರಾಗಿ ಕಾಳಿನಷ್ಟು ಇದ್ದರೂ ಸಾಕು. ನಿಂಬೆಹಣ್ಣಿನ ಗಾತ್ರದ್ದೋ ತೆಂಗಿನಕಾಯಿ ಗಾತ್ರದ್ದೋ ಬಂದರೆ ಊರಿಗೇ ಬೆಳಕು. ಶುಕ್ರಗ್ರಹಕ್ಕಿಂತ, ಅಂದರೆ ನಮ್ಮ ಬೆಳ್ಳಿಗಿಂತ ಪ್ರಕಾಶವಾಗಿ ಉರಿಯುವ ಉಲ್ಕೆಯನ್ನು ವಿಜ್ಞಾನಿಗಳು ಬೆಂಕಿಯುಂಡೆ, ಅಗ್ನಿಗೋಳ ಎಂದು ಕರೆಯುತ್ತಾರೆ.

ಅದು ಉರಿಯುವುದಕ್ಕೆ ಗಾಳಿಯ ಉಜ್ಜಾಟವೇ ಕಾರಣ ಎಂದು ಶಾಲೆಯಲ್ಲಿ ಕೇಳಿರುತ್ತೀರಿ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೆಕೆಂಡಿಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬರುವ ಕಲ್ಲು ತನ್ನ ಮುಂದಿನ ಗಾಳಿಗೆ ಸರಿದುಕೊಳ್ಳುವಷ್ಟು ಪುರುಸೊತ್ತನ್ನೇ ಕೊಡುವುದಿಲ್ಲ. ಒತ್ತಿ ಒತ್ತಿ ಅದನ್ನು ಸಾವಿರಾರು ಡಿಗ್ರಿಗೆ ಕಾಯಿಸುತ್ತದೆ. ಆ ಕಾವಿಗೆ ಕಲ್ಲಿನ ಮೈ ಕರಗಿ ಹಾರಿಹೋಗುತ್ತದೆ. ನಾವು ಕಾಣುವ ಬೆಳಕು ಹೆಚ್ಚಾಗಿ ಕಾದು ಹೊಳೆಯುವ ಗಾಳಿಯದು ಮತ್ತು ಕಲ್ಲಿನ ಆವಿಯದು.

ಇದೆಲ್ಲ ನಡೆಯುವುದು ಎಷ್ಟು ಎತ್ತರದಲ್ಲಿ? ದೇವನಹಳ್ಳಿಯ ಮೇಲೆ ಹಾರಿ ದೂರ ಹೋಗುವ ವಿಮಾನ ಏರುವುದು ಹತ್ತು ಹನ್ನೊಂದು ಕಿ.ಮೀ.ವರೆಗೆ. ಬೆಂಕಿಯುಂಡೆ ಹೊತ್ತಿಕೊಳ್ಳುವುದು ಸುಮಾರು 100 ಕಿ.ಮೀ. ಮೇಲೆ. ಕಲ್ಲು ನೆಲಕ್ಕೆ ಬಿದ್ದರೂ ಅದರ ಬೆಳಕು 20ರಿಂದ 30 ಕಿ.ಮೀ. ಎತ್ತರದಲ್ಲೇ ಆರಿಹೋಗುತ್ತದೆ. ಅಲ್ಲಿಂದ ಕೆಳಗೆ ಅದು ಕತ್ತಲಲ್ಲಿ ಬೀಳುವ ಬರೀ ಕಲ್ಲು. ಆದ್ದರಿಂದ ‘ಉರಿಯುತ್ತಾ ನೆಲಕ್ಕೆ ಬಿದ್ದದ್ದನ್ನು ನೋಡಿದೆ’ ಎಂದು ಯಾರಾದರೂ ಹೇಳಿದರೆ, ಅವರು ನೋಡಿದ್ದು ಅದು ಬೆಟ್ಟದ ಮರೆಗೋ ಮರದ ಮರೆಗೋ ಸರಿದದ್ದನ್ನು.

ಈಗ ಒಂದು ಸುಲಭದ ಲೆಕ್ಕ. ಕೈಯನ್ನು ನೇರ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ತಾತನ ಮುಷ್ಟಿ ದೊಡ್ಡದು, ಆದರೆ ತೋಳೂ ಉದ್ದ. ಮೊಮ್ಮಗಳ ಮುಷ್ಟಿ ಚಿಕ್ಕದು, ತೋಳೂ ಗಿಡ್ಡ. ಹಾಗಾಗಿ ಇಬ್ಬರ ಅಳತೆಯೂ ಹೆಚ್ಚು ಕಡಿಮೆ ಒಂದೇ ಬರುತ್ತದೆ! ಬೆಂಕಿಯುಂಡೆ ಬಾನಂಚಿನಿಂದ ಒಂದು ಮುಷ್ಟಿ ಮೇಲೆ ಆರಿತು, ಆಗ ಅದರ ಎತ್ತರ 30 ಕಿ.ಮೀ. ಇತ್ತು ಎಂದುಕೊಂಡರೆ, ಅದು ನಿಮ್ಮಿಂದ ಸುಮಾರು 170 ಕಿ.ಮೀ. ದೂರದ ಊರಿನ ನೆತ್ತಿಯ ಮೇಲಿತ್ತು ಎಂದಾಯಿತು. ಮೂರು ಮುಷ್ಟಿ ಮೇಲೆ ಆರಿದ್ದರೆ ದೂರ ಸುಮಾರು 50 ಕಿ.ಮೀ.

ನಮ್ಮ ನಾಲ್ವರ ಕಡೆಗೆ ಬರೋಣ. ದೊಡ್ಡಬಳ್ಳಾಪುರದಿಂದ ಮಾಕಳಿ ಬೆಟ್ಟದ ಎಡಕ್ಕೆ ಒಂದು ಗೆರೆ, ನೆಲಮಂಗಲದಿಂದ ಶಿವಗಂಗೆಯ ಬಲಕ್ಕೆ ಇನ್ನೊಂದು. ಎರಡನ್ನೂ ವಾಯವ್ಯಕ್ಕೆ ಎಳೆಯುತ್ತಾ ಹೋದರೆ ಅವು ಕೂಡುವುದು ಎಲ್ಲೋ ಚಿತ್ರದುರ್ಗದ ಸುತ್ತಮುತ್ತ. ಹೊಸಕೋಟೆಯ ಹುಡುಗ ಟಾರ್ಚ್ ಹಿಡಿದು ನೀರಿನ ಟ್ಯಾಂಕಿನ ಹಿಂದೆ ಹುಡುಕುತ್ತಿರುವ ಕಲ್ಲು, ಬಿದ್ದಿದ್ದರೆ, ಕೋಟೆಯ ಊರಿನ ಯಾವುದೋ ಮೆಕ್ಕೆಜೋಳದ ಹೊಲದಲ್ಲಿ ಬಿದ್ದಿರುತ್ತದೆ. ಒಬ್ಬರ ಗೆರೆಯಿಂದ ಇದು ತಿಳಿಯುವುದಿಲ್ಲ. ಕಡೇಪಕ್ಷ ಇಬ್ಬರದು ಬೇಕು, ಅವರು ಬೇರೆ ಬೇರೆ ಊರಿನವರಾಗಿರಬೇಕು.

ಈ ಉಪಾಯವನ್ನು ಮೊದಲು ಮಾಡಿ ನೋಡಿದವರು ಇಬ್ಬರು ಕಾಲೇಜು ವಿದ್ಯಾರ್ಥಿಗಳು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಓದುತ್ತಿದ್ದ ಬ್ರಾಂಡೆಸ್ ಮತ್ತು ಬೆನ್ಸೆನ್‌ಬರ್ಗ್. 1798ರಲ್ಲಿ ಕೆಲವು ಕಿಲೋಮೀಟರ್ ದೂರದ ಎರಡು ಜಾಗಗಳಲ್ಲಿ ಕೂತು, ರಾತ್ರಿಗಟ್ಟಲೆ ಉಲ್ಕೆಗಳ ಹಾದಿಯನ್ನು ನಕ್ಷತ್ರಪಟದ ಮೇಲೆ ಗುರುತು ಹಾಕಿದರು. ನೂರಾರು ಉಲ್ಕೆ ಕಂಡರೂ ಇಬ್ಬರಿಗೂ ಒಟ್ಟಿಗೆ ಸಿಕ್ಕಿದ್ದು ಇಪ್ಪತ್ತರ ಆಸುಪಾಸು. ಅಷ್ಟೇ ಸಾಕಾಯಿತು. ಉಲ್ಕೆ ಮೋಡದ ಮಟ್ಟದ ಮಿಂಚಿನಂಥದ್ದಲ್ಲ, ಹತ್ತಾರು ಕಿಲೋಮೀಟರ್ ಎತ್ತರದ್ದು ಎಂದು ಜಗತ್ತಿಗೆ ಗೊತ್ತಾಯಿತು.

ಕಾಶಿಯ ಕಾವಲುಗಾರನ ಗುಡಿಸಲು

ಅದೇ 1798ರ ಡಿಸೆಂಬರ್ 19. ಜಾಗ ಕಾಶಿ. ಆಕಾಶದಲ್ಲಿ ಒಂದು ತುಂಡು ಮೋಡವೂ ಇಲ್ಲ. ರಾತ್ರಿ ಎಂಟರ ಹೊತ್ತಿಗೆ ದೊಡ್ಡದೊಂದು ಬೆಂಕಿಯುಂಡೆ ಕಾಣಿಸಿತು, ಗುಡುಗಿನಂಥ ಸದ್ದು ಕೇಳಿಸಿತು. ಕಾಶಿಯಿಂದ ಇಪ್ಪತ್ತು ಕಿ.ಮೀ.ಗಿಂತ ಸ್ವಲ್ಪ ದೂರದ ಕ್ರಾಖುತ್ ಎಂಬ ಹಳ್ಳಿಯ ಜನ ಬೆಳಗ್ಗೆ ಹೊಲಕ್ಕೆ ಹೋದರೆ ಅಲ್ಲಲ್ಲಿ ಮಣ್ಣು ಹೊಸದಾಗಿ ಎದ್ದಿದೆ. ಕೆದಕಿದರೆ ಕಲ್ಲು. ಒಂದು ಕಲ್ಲಂತೂ ಕಾವಲುಗಾರನ ಗುಡಿಸಲಿನ ಸೂರು ತೂರಿಕೊಂಡು ಬಂದು, ಗಟ್ಟಿಸಿದ ಮಣ್ಣಿನ ನೆಲದೊಳಗೆ ಹೂತುಕೊಂಡಿತ್ತು.

ಆಗ ಯುರೋಪಿನ ಪಂಡಿತರಲ್ಲಿ ಬಹಳ ಮಂದಿ ಆಕಾಶದಿಂದ ಕಲ್ಲು ಬೀಳುತ್ತದೆ ಎಂದರೆ ನಗುತ್ತಿದ್ದರು. ಹಳ್ಳಿಯವರ ಕಟ್ಟುಕಥೆ, ಸಿಡಿಲು ಬಡಿದ ಕಲ್ಲು, ಹೀಗೆಲ್ಲ ತಳ್ಳಿಹಾಕುತ್ತಿದ್ದರು. 1794ರಲ್ಲಿ ಕ್ಲಾಡ್ನಿ ಎಂಬ ಜರ್ಮನ್ ವಿಜ್ಞಾನಿ, ಇವು ಆಕಾಶದಿಂದಲೇ ಬಂದವು ಎಂದು ಪುಸ್ತಕ ಬರೆದಾಗ ಅವರನ್ನೂ ಹೆಚ್ಚಿನವರು ನಂಬಲಿಲ್ಲ. ಕಾಶಿಯ ಕಲ್ಲುಗಳು ಇಂಗ್ಲೆಂಡಿಗೆ ಹೋದವು. ಎಡ್ವರ್ಡ್ ಹೋವರ್ಡ್ ಎಂಬ ರಸಾಯನ ವಿಜ್ಞಾನಿ ಅವನ್ನೂ ಬೇರೆ ದೇಶಗಳಲ್ಲಿ ಬಿದ್ದಿದ್ದ ಕಲ್ಲುಗಳನ್ನೂ ಒಟ್ಟಿಗೆ ಪರೀಕ್ಷೆ ಮಾಡಿ, 1802ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲದರಲ್ಲೂ ನಿಕ್ಕಲ್ ಬೆರೆತ ಕಬ್ಬಿಣ ಇತ್ತು. ಸಾವಿರಾರು ಮೈಲಿ ದೂರದ ಊರುಗಳಲ್ಲಿ ಬಿದ್ದ ಕಲ್ಲುಗಳು ಒಂದಕ್ಕೊಂದು ಹೋಲುತ್ತಿದ್ದವು, ಬಿದ್ದ ಊರಿನ ಕಲ್ಲನ್ನು ಮಾತ್ರ ಹೋಲುತ್ತಿರಲಿಲ್ಲ.

ಮರುವರ್ಷ, 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಊರಿನ ಮೇಲೆ ಸುಮಾರು ಮೂರು ಸಾವಿರ ಕಲ್ಲು ಸುರಿದವು. ಸರ್ಕಾರ ಬಿಯೋ ಎಂಬ ಯುವ ವಿಜ್ಞಾನಿಯನ್ನು ಕಳಿಸಿತು. ಅವರು ದೂರದರ್ಶಕ ಹಿಡಿದು ಹೋಗಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗಿ, ಗಾಡಿ ಹೊಡೆಯುವವರನ್ನೂ ಮನೆಯಲ್ಲಿದ್ದವರನ್ನೂ ಪಾದ್ರಿಗಳನ್ನೂ ಕೂರಿಸಿಕೊಂಡು ಕೇಳಿದರು: ಎಲ್ಲಿ ನಿಂತಿದ್ದಿರಿ, ಯಾವ ಕಡೆ ಕಂಡಿತು, ಸದ್ದು ಯಾವಾಗ ಬಂತು, ಕಲ್ಲು ಎಲ್ಲಿ ಸಿಕ್ಕಿತು? ಒಬ್ಬರಿಗೊಬ್ಬರು ಗೊತ್ತಿಲ್ಲದವರ ಮಾತುಗಳು ಒಂದಕ್ಕೊಂದು ತಾಳೆಯಾದವು. ಬಿಯೋ ಅವರ ವರದಿ ಬಂದ ಮೇಲೆ ನಗುವವರು ಸುಮ್ಮನಾದರು.

ನಮ್ಮ ದೇಶದಲ್ಲಿ ಇದಕ್ಕೂ ಮೊದಲೇ ಉಲ್ಕೆಗಳನ್ನು ಗಮನವಿಟ್ಟು ನೋಡಿದವರಿದ್ದರು. ಆರನೇ ಶತಮಾನದ ವರಾಹಮಿಹಿರರ ‘ಬೃಹತ್ಸಂಹಿತೆ’ಯಲ್ಲಿ ಉಲ್ಕೆಗಳಿಗೆಂದೇ ಒಂದು ಅಧ್ಯಾಯವಿದೆ. ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಅವರು ಐದು ಬಗೆ ಮಾಡುತ್ತಾರೆ. ಸಿಡಿಲನ್ನೂ ಮಿಂಚನ್ನೂ ಅದೇ ಪಟ್ಟಿಗೆ ಸೇರಿಸಿದ್ದು ಆ ಕಾಲದ ತಿಳಿವಳಿಕೆ. ಯಾವುದು ಬಿದ್ದರೆ ಯಾರಿಗೆ ಕೇಡು ಎಂಬ ಫಲವೂ ಅಲ್ಲಿದೆ. ಆ ಫಲಗಳನ್ನು ಬದಿಗಿಟ್ಟು, ಬಣ್ಣ, ಬಾಲ, ಸದ್ದು, ಗಾತ್ರ ನೋಡಿ ವಿಂಗಡಿಸಿದ ಶ್ರದ್ಧೆಯನ್ನು ನಾವು ಇಟ್ಟುಕೊಳ್ಳಬಹುದು.

ನಮ್ಮ ಮಗ್ಗುಲಲ್ಲೇ ಬಿದ್ದದ್ದು

ಕಾಶಿ, ಫ್ರಾನ್ಸ್ ಎಲ್ಲ ದೂರವಾಯಿತು. ಹೊಸಕೋಟೆಯಿಂದ ತೆಂಕಣ ದಿಕ್ಕಿಗೆ, ಸ್ವಲ್ಪ ಮೂಡಣಕ್ಕೆ ವಾಲಿಸಿ ಗೆರೆ ಎಳೆದರೆ ಸುಮಾರು 50 ಕಿ.ಮೀ.ಗೆ ಶೂಲಗಿರಿ ಸಿಗುತ್ತದೆ. ಹೊಸೂರು ದಾಟಿ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಪಕ್ಕದ ಊರು. ಅಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. 2008ರ ಸೆಪ್ಟೆಂಬರ್ 12ರ ಬೆಳಗ್ಗೆ, ಎಂಟೂವರೆಯ ಹೊತ್ತಿಗೆ, ಅಲ್ಲಿನ ಹಳ್ಳಿಗಳ ಮೇಲೆ ಭಾರಿ ಸ್ಫೋಟದ ಸದ್ದು ಕೇಳಿ, ಕಲ್ಲುಗಳು ಬಿದ್ದವು. ಸಿಕ್ಕಿದ ತುಂಡುಗಳ ಒಟ್ಟು ತೂಕ ಸುಮಾರು 110 ಕಿಲೋ. ಭಾರತದಲ್ಲಿ ಬಿದ್ದು ಸಿಕ್ಕ ದೊಡ್ಡ ಉಲ್ಕಾಶಿಲೆಗಳಲ್ಲಿ ಅದೂ ಒಂದು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರು ‘ಸುಲಗಿರಿ’. ಉಲ್ಕಾಶಿಲೆಗೆ ಕಂಡುಹಿಡಿದವರ ಹೆಸರಿಡುವುದಿಲ್ಲ, ಬಿದ್ದ ಊರಿನ ಹೆಸರಿಡುತ್ತಾರೆ.

ಅದು ನಡೆದದ್ದು ಬೆಳಗ್ಗೆ. ಬಿಸಿಲು ಬಂದಮೇಲೆ ಎಂಥ ಬೆಂಕಿಯುಂಡೆಯಾದರೂ ಮಂಕು. ಹಾಗಾಗಿ ಜನ ಕಣ್ಣಿಗಿಂತ ಕಿವಿಯಿಂದಲೇ ಅದನ್ನು ಅರಿತರು. ಸಂಜೆ ಏಳಕ್ಕೆ ಬಂದಿದ್ದರೆ ನಮ್ಮ ನಾಲ್ಕೂ ತಾಲ್ಲೂಕಿನ ಅಂಗಳಗಳಲ್ಲಿ ನೆರಳು ಓಡಾಡುತ್ತಿತ್ತು.

ಇನ್ನೊಂದು ಸೋಜಿಗ. ಕಾಶಿಯ ಕಲ್ಲೂ ಶೂಲಗಿರಿಯ ಕಲ್ಲೂ ಒಂದೇ ಬಳಗದವು. ಕಬ್ಬಿಣ ಕಡಿಮೆ ಇರುವ, ‘ಎಲ್‌ಎಲ್ ಕಾಂಡ್ರೈಟ್’ ಎಂಬ ಗುಂಪಿಗೆ ಸೇರಿದವು. ಇಟೊಕಾವಾ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಜಪಾನಿನ ಹಯಾಬುಸಾ ನೌಕೆ ಹೋಗಿ 2010ರಲ್ಲಿ ಧೂಳು ತಂದಿತ್ತಲ್ಲ, ಆ ಧೂಳೂ ಇದೇ ಬಗೆಯದು. ಇಂಥ ಕಲ್ಲುಗಳ ವಯಸ್ಸು ಸುಮಾರು 456 ಕೋಟಿ ವರ್ಷ. ಭೂಮಿ ಇನ್ನೂ ಪೂರ್ತಿ ಕೂಡಿಕೊಂಡಿರದ ಕಾಲದವು. ಶಿವಗಂಗೆ ಬೆಟ್ಟದ ಕಲ್ಲು ನಮ್ಮ ನಾಡಿನ ಹಿರಿಯ ಎಂದುಕೊಂಡರೆ, ಇವುಗಳ ಮುಂದೆ ಅದು ಮೊಮ್ಮಗ.

ಕರ್ನಾಟಕದೊಳಗೂ ಇಂಥ ಕಲ್ಲುಗಳು ಬಿದ್ದಿವೆ. 1865ರ ಸೆಪ್ಟೆಂಬರಿನಲ್ಲಿ ಬಿದ್ದದ್ದು ಪಟ್ಟಿಯಲ್ಲಿ ‘ಮುದ್ದೂರ್’ ಆಗಿದೆ. ಅದು ನಮ್ಮ ಮದ್ದೂರು. 1866ರಲ್ಲಿ ಉಡುಪಿ. 1876ರ ಫೆಬ್ರವರಿ 16ರಂದು ತುಮಕೂರು ಸೀಮೆಯಲ್ಲಿ ಬಿದ್ದದ್ದಕ್ಕೆ ‘ಜುಡೆಸೆಗೆರಿ’ ಎಂಬ ಹೆಸರು. ಮದ್ದೂರು ಮುದ್ದೂರಾದ ಹಾಗೆ, ಬರೆದುಕೊಂಡವರ ಕಿವಿಗೆ ಕೇಳಿಸಿದಂತೆ ಇದೂ ಆಗಿರಬೇಕು. ಗುಬ್ಬಿ, ತುಮಕೂರು ಕಡೆಯ ಅಜ್ಜ ಅಜ್ಜಿಯರು ಈ ಹೆಸರನ್ನು ಎರಡು ಸಲ ನಾಲಿಗೆಯ ಮೇಲೆ ಹೊರಳಿಸಿ ನೋಡಲಿ, ಯಾವ ಕೆರೆಯ ಊರು ನೆನಪಾಗುತ್ತದೋ! 1902ರ ನವೆಂಬರ್ 12ರಂದು ಶಿವಮೊಗ್ಗ ಜಿಲ್ಲೆಯ ‘ಕಾಮಸಾಗರ’ದ್ದು ಒಂದೂಕಾಲು ಕಿಲೋ ಚಿಲ್ಲರೆ ತೂಕದ ಕಲ್ಲು.

ಸಂಜೆಯದ್ದು ಯಾಕೆ ನಿಧಾನ?

ಹೆದ್ದಾರಿಯಲ್ಲಿ ರಾತ್ರಿ ಓಡಿಬಂದ ಬಸ್ಸನ್ನು ಬೆಳಗ್ಗೆ ನಿಲ್ದಾಣದಲ್ಲಿ ನೋಡಿದ್ದೀರಾ? ಮುಂದಿನ ಗಾಜಿಗೆ ನೂರಾರು ಹುಳು ಬಡಿದು ಅಂಟಿರುತ್ತವೆ, ಹಿಂದಿನ ಗಾಜು ಹೆಚ್ಚು ಕಡಿಮೆ ಚೊಕ್ಕವಾಗಿರುತ್ತದೆ. ಭೂಮಿಯೂ ಅಂಥ ಬಸ್ಸು. ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತದೆ. ದೇವನಹಳ್ಳಿಯಿಂದ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ನೇರವಾಗಿ ಇರುವಷ್ಟು ದೂರ, ಚಿಟಿಕೆ ಹೊಡೆಯುವಷ್ಟರಲ್ಲಿ. ನಸುಕಿನಲ್ಲಿ ನಾವು ಬಸ್ಸಿನ ಮುಂದಿನ ಗಾಜಿನ ಕಡೆ ಇರುತ್ತೇವೆ, ಸಂಜೆ ಹಿಂದಿನ ಗಾಜಿನ ಕಡೆ. ನಸುಕಿನ ಉಲ್ಕೆಗಳು ಎದುರಿನಿಂದ ಬಂದು ಡಿಕ್ಕಿ ಹೊಡೆಯುತ್ತವೆ. ವೇಗ ಸೆಕೆಂಡಿಗೆ 70 ಕಿ.ಮೀ. ದಾಟುವುದೂ ಉಂಟು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಸಂಜೆಯವು ಹಿಂದಿನಿಂದ ಓಡಿಬಂದು ನಮ್ಮನ್ನು ಹಿಡಿಯಬೇಕು. ಹಾಗಾಗಿ ಸಂಜೆ ಉಲ್ಕೆಗಳ ಸಂಖ್ಯೆ ಕಡಿಮೆ, ಆದರೆ ಬಂದವು ನಿಧಾನ. ಐದಾರು ಸೆಕೆಂಡು ಕಾಣುವಷ್ಟು ನಿಧಾನ, ಮನೆಯೊಳಗಿನವರನ್ನು ಕೂಗಿ ಕರೆಯಬಹುದಾದಷ್ಟು ನಿಧಾನ.

ನಿಧಾನವಾಗಿ ಬಂದ ಕಲ್ಲು ಪೂರ್ತಿ ಉರಿದುಹೋಗದೆ ನೆಲ ಮುಟ್ಟುವ ಸಾಧ್ಯತೆಯೂ ಹೆಚ್ಚು. ಬೀಳುವಾಗಲೇ ಕಂಡು ಹೆಕ್ಕಿದ ಉಲ್ಕಾಶಿಲೆಗಳ ದಾಖಲೆ ನೋಡಿದರೆ, ನಡುಹಗಲಿನಿಂದ ನಡುರಾತ್ರಿಯ ನಡುವೆ ಬಿದ್ದವೇ ಜಾಸ್ತಿ. ಆ ಹೊತ್ತಿನಲ್ಲಿ ನೋಡುವ ಜನ ಎಚ್ಚರವಾಗಿರುತ್ತಾರೆ ಎನ್ನುವುದೂ ಅದಕ್ಕೆ ಸೇರಿಕೊಳ್ಳುತ್ತದೆ. ಗುಜರಾತಿನ ದಿಯೋದರ್ ಕಡೆ 2022ರ ಆಗಸ್ಟ್ 17ರ ಸಂಜೆ ಬಿದ್ದ ಕಲ್ಲು ‘ಆಬ್ರೈಟ್’ ಎಂಬ ಬಲು ಅಪರೂಪದ ಬಗೆಯದು. ಭಾರತದಲ್ಲಿ ಅದಕ್ಕೆ ಮೊದಲು ಆ ಬಗೆ ಬಿದ್ದಿದ್ದು 1852ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಹಳ್ಳಿಯವರು ಕೂಡಲೇ ತುಂಡುಗಳನ್ನು ಎತ್ತಿಟ್ಟಿದ್ದರಿಂದ ಅದು ಅಹಮದಾಬಾದಿನ ವಿಜ್ಞಾನಿಗಳ ಕೈಗೆ ಸೇರಿತು.

ಬೆಳಕು ಮೊದಲು, ಸದ್ದು ಆಮೇಲೆ

ಇದೊಂದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. 2013ರ ಫೆಬ್ರವರಿ 15ರ ಬೆಳಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ, ಸುಮಾರು 20 ಮೀಟರ್ ಅಗಲದ ಬಂಡೆಯೊಂದು ಬಂದು ಆಕಾಶದಲ್ಲೇ ಸಿಡಿಯಿತು. ಬೆಳಕು ಕಂಡ ಜನ ಏನಾಯಿತೆಂದು ನೋಡಲು ಕಿಟಕಿಗೆ ಓಡಿದರು. ಸದ್ದಿನ ಅಲೆ ಬಂದದ್ದು ಎರಡು ನಿಮಿಷಕ್ಕೂ ಹೆಚ್ಚು ತಡವಾಗಿ. ಬಂದಾಗ ಗಾಜುಗಳು ಪುಡಿಯಾದವು. ಸುಮಾರು 1500 ಮಂದಿ ಗಾಯಗೊಂಡರು. ಹೆಚ್ಚಿನವರಿಗೆ ಗಾಯ ಮಾಡಿದ್ದು ಕಲ್ಲಲ್ಲ, ಕಿಟಕಿಯ ಗಾಜು. ಅಲ್ಲಿನ ಶಾಲೆಯೊಂದರ ಶಿಕ್ಷಕಿ ಮಾತ್ರ ಬೆಳಕು ಕಂಡ ಕೂಡಲೇ ನಾಲ್ಕನೇ ತರಗತಿಯ 44 ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿದರು. ಮಕ್ಕಳಿಗೆ ಗೀರೂ ಆಗಲಿಲ್ಲ. ಆ ಶಿಕ್ಷಕಿಯ ಕೈಗೆ ಗಾಜು ಕೊಯ್ದಿತ್ತು.

ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಬೆಂಕಿಯುಂಡೆ ಸಿಡಿದ ಜಾಗ 60 ಕಿ.ಮೀ. ದೂರವಿದ್ದರೆ ಮೂರು ನಿಮಿಷ. ಅಂಥ ದೊಡ್ಡದು ಬರುವುದು ಬಲು ಅಪರೂಪ, ಹೆದರಿ ಮಲಗಬೇಕಿಲ್ಲ. ಆದರೂ ಅಂಗಳವೇ ಬೆಳಗುವಷ್ಟು ಬೆಳಕು ಕಂಡರೆ ನಾಲ್ಕೈದು ನಿಮಿಷ ಕಿಟಕಿಯ ಗಾಜಿನಿಂದ ದೂರವಿದ್ದು, ಬಾಯಲ್ಲಿ ಸೆಕೆಂಡು ಎಣಿಸುತ್ತಾ ಇರುವುದು ಜಾಣತನ. ಸದ್ದು ಬಂದರೆ ಎಣಿಸಿದ್ದನ್ನು ಮೂರರಿಂದ ಭಾಗಿಸಿ. ದೂರ ಗೊತ್ತಾಯಿತು, ಗಣಿತದ ಮೇಷ್ಟ್ರಿಗೂ ಖುಷಿ.

ಉಲ್ಕೆಯೋ, ವಿಮಾನವೋ, ರಾಕೆಟ್ಟೋ

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಜೋರು. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಿಂದ ವಿಮಾನ ನಿಲ್ದಾಣವಿದೆ. ಇಳಿಯಲು ಬರುವ ವಿಮಾನ ನಿಮ್ಮ ಕಡೆಗೇ ಮುಖ ಮಾಡಿದ್ದರೆ, ಅದರ ದೀಪ ಒಂದೇ ಕಡೆ ನಿಂತ ಬೆಂಕಿಯುಂಡೆಯಂತೆ ನಿಮಿಷಗಟ್ಟಲೆ ಉರಿಯುತ್ತದೆ. ನಿಂತದ್ದು ಉಲ್ಕೆಯಲ್ಲ. ಸಾಲಾಗಿ ರೈಲಿನ ಬೋಗಿಗಳಂತೆ ಸಾಗುವ ದೀಪಗಳು ಸ್ಟಾರ್‌ಲಿಂಕ್ ಉಪಗ್ರಹಗಳು.

ಗುರುತಿಸಲು ಕಷ್ಟವಾಗುವುದು ರಾಕೆಟ್ಟಿನ ಅವಶೇಷ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದ ಜನ ಆಕಾಶದಲ್ಲಿ ಉರಿಯುವ ತುಂಡುಗಳ ಮೆರವಣಿಗೆಯನ್ನೇ ಕಂಡರು. ಯುಗಾದಿಯ ದಿನ ಅದು. ಉಲ್ಕಾಪಾತ ಎಂದು ಮೊಬೈಲುಗಳಲ್ಲಿ ಸುದ್ದಿ ಹರಿದಾಡಿತು. ಚಂದ್ರಾಪುರ ಜಿಲ್ಲೆಯ ಲಾಡ್‌ಬೋರಿ ಹಳ್ಳಿಯಲ್ಲಿ ದೊಡ್ಡದೊಂದು ಲೋಹದ ಬಳೆ ಬಿದ್ದಿತ್ತು. ಅದು ಚೀನಾದ ರಾಕೆಟ್ಟಿನ ಭಾಗ ಎಂದು ಖಗೋಳ ತಜ್ಞರು ಗುರುತಿಸಿದರು. ವ್ಯತ್ಯಾಸ ಕಂಡುಕೊಳ್ಳಲು ಎಣಿಕೆಯೇ ಸಾಕು. ಉಲ್ಕೆ ಹತ್ತು ಸೆಕೆಂಡು ದಾಟುವುದು ಅಪರೂಪ. ರಾಕೆಟ್ಟಿನ ತುಂಡುಗಳು ಅರ್ಧ ನಿಮಿಷ, ಒಂದು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಒಂದರ ಹಿಂದೊಂದು ಸಾಗುತ್ತವೆ.

ಹತ್ತು ನಿಮಿಷದೊಳಗೆ ಬರೆದಿಡಿ

ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವೊಂದಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಅಗಲದ ದೂರದರ್ಶಕವನ್ನು ವಿಜ್ಞಾನಿಗಳು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿ ಕೂತೇ ತಿರುಗಿಸುತ್ತಾರೆ. ಅಂಥ ದೂರದರ್ಶಕ ಕೋಟ್ಯಂತರ ಜ್ಯೋತಿರ್ವರ್ಷ ದೂರದ್ದನ್ನು ನೋಡುತ್ತದೆ, ಆದರೆ ಒಮ್ಮೆಗೆ ನೋಡುವುದು ಆಕಾಶದ ಉಗುರಿನಷ್ಟು ಜಾಗವನ್ನು. ಅದೇ ಹೊಸಕೋಟೆಯ ತಾರಸಿಯಲ್ಲಿ ಬಟ್ಟೆ ತೆಗೆಯಲು ಹೋದ ಹುಡುಗಿಯ ಕಣ್ಣು ಅರ್ಧ ಆಕಾಶವನ್ನೇ ಕಾಣುತ್ತದೆ. ಬೆಂಕಿಯುಂಡೆಯ ವಿಷಯದಲ್ಲಿ ಅವಳೇ ದೊಡ್ಡ ಉಪಕರಣ.

ತೊಂದರೆ ಏನೆಂದರೆ ನೆನಪು ಬೇಗ ಬದಲಾಗುತ್ತದೆ. ಹತ್ತು ಜನರಿಗೆ ಹೇಳುವಷ್ಟರಲ್ಲಿ ಉಂಡೆ ದೊಡ್ಡದಾಗುತ್ತದೆ, ಸದ್ದು ಜೋರಾಗುತ್ತದೆ. ಆದ್ದರಿಂದ ಯಾರಿಗೂ ಹೇಳುವ ಮೊದಲು, ನಿಂತ ಜಾಗದಿಂದ ಕದಲದೆ, ಅದು ಎಲ್ಲಿ ಕಾಣಿಸಿಕೊಂಡಿತು, ಎಲ್ಲಿ ಆರಿತು ಎಂಬುದಕ್ಕೆ ಗುರುತು ಹಿಡಿಯಿರಿ: ಕಂಬ, ತೆಂಗಿನ ಮರ, ಗೋಪುರ, ಬೆಟ್ಟದ ತುದಿ. ಬಾನಂಚಿನಿಂದ ಎಷ್ಟು ಮುಷ್ಟಿ ಮೇಲೆ ಎಂದು ಅಳೆಯಿರಿ. ಗಂಟೆ, ನಿಮಿಷ, ಎಷ್ಟು ಸೆಕೆಂಡು ಕಂಡಿತು, ಬಣ್ಣ, ಒಡೆಯಿತೇ, ಸದ್ದು ಬಂತೇ? ಬರೆಯಲು ನೋಟ್‌ಬುಕ್ಕೇ ಆಗಬೇಕೆಂದಿಲ್ಲ. ಹಾಲಿನ ಲೆಕ್ಕ ಗೀಚುವ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕವೇ ಸಾಕು.

ಇಲ್ಲಿ ತಾತ, ಅಜ್ಜಿ ಮೊಮ್ಮಕ್ಕಳ ಜೋಡಿ ಚೆನ್ನಾಗಿ ಕೂಡುತ್ತದೆ. ಯಾವ ಮರದ ಹಿಂದೆ ಯಾವ ಊರು, ಆ ಕಡೆ ಮೂಡಣವೋ ಈಶಾನ್ಯವೋ ಎನ್ನುವುದು ಹಿರಿಯರಿಗೆ ಹಸ್ತರೇಖೆಯಷ್ಟು ಗೊತ್ತು. ಫೋನಿನ ದಿಕ್ಸೂಚಿ, ನಕ್ಷೆ ಮಕ್ಕಳಿಗೆ ಗೊತ್ತು. ಇನ್ನೊಂದು ಕೆಲಸವೂ ಮಕ್ಕಳದ್ದೇ: ಹಾಲಿನ ಡೇರಿ, ಪೆಟ್ರೋಲ್ ಬಂಕ್, ದೇವಸ್ಥಾನ, ಅಂಗಡಿಗಳ ಸಿಸಿಟಿವಿ. ಹಳೆಯ ಚಿತ್ರಗಳು ಕೆಲವು ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ. ಮಾರನೆಯ ಬೆಳಗ್ಗೆಯೇ ಹೋಗಿ ಆ ಐದು ನಿಮಿಷವನ್ನು ತೆಗೆದಿಡಲು ಕೇಳಿ. ಉಂಡೆ ಕಾಣದಿದ್ದರೂ ಚಿಂತೆಯಿಲ್ಲ. ನೆಲದ ಮೇಲೆ ಕಂಬದ ನೆರಳು ತಿರುಗಿದ್ದು ಸಿಕ್ಕರೆ ಅದರಿಂದಲೂ ದಿಕ್ಕು ತೆಗೆಯುತ್ತಾರೆ. ಚೆಲ್ಯಾಬಿನ್ಸ್ಕ್ ಬಂಡೆ ಸೂರ್ಯನ ಸುತ್ತ ಯಾವ ಹಾದಿಯಲ್ಲಿ ತಿರುಗುತ್ತಿತ್ತು ಎಂದು ಲೆಕ್ಕ ಹಾಕಿದ್ದು ಜನರ ಕಾರು, ಬೀದಿಗಳ ಕ್ಯಾಮೆರಾಗಳಿಂದಲೇ. ಬರೆದಿಟ್ಟದ್ದನ್ನು ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ದಾಖಲಿಸಬಹುದು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೂ ತಿಳಿಸಬಹುದು.

ಕಲ್ಲು ಸಿಕ್ಕಿತು ಅಂದುಕೊಂಡರೆ

ಸಿಗುವ ಕರಿ ಕಲ್ಲುಗಳಲ್ಲಿ ಹೆಚ್ಚಿನವು ಉಲ್ಕಾಶಿಲೆಗಳಲ್ಲ. ನಮ್ಮ ಕಡೆ ಮೋಸ ಮಾಡುವವು ಎರಡು. ಒಂದು, ಕುಲುಮೆಯ ಕಬ್ಬಿಣದ ಕಿಟ್ಟ. ಅದರಲ್ಲಿ ತೂತುಗಳಿರುತ್ತವೆ. ಉಲ್ಕಾಶಿಲೆಯಲ್ಲಿ ಗುಳ್ಳೆಯ ತೂತು ಇರುವುದು ತೀರಾ ಅಪರೂಪ. ಇನ್ನೊಂದು, ನಮ್ಮ ನೆಲದ್ದೇ ಆದ ಕರಿಕಲ್ಲು. ಒಡೆದರೆ ಹೊರಗೂ ಒಳಗೂ ಒಂದೇ ಬಣ್ಣ. ಹೊಸದಾಗಿ ಬಿದ್ದ ಉಲ್ಕಾಶಿಲೆ ಹಾಗಲ್ಲ. ಹೊರಗೆ ಕಾಗದದಂಥ ತೆಳುವಾದ ಕರಿ ಸಿಪ್ಪೆ, ಒಳಗೆ ಹೆಚ್ಚಾಗಿ ಬೂದು. ಗಾತ್ರಕ್ಕೆ ಮೀರಿದ ತೂಕ. ದಾರಕ್ಕೆ ಕಟ್ಟಿದ ಅಯಸ್ಕಾಂತ ಸಾಮಾನ್ಯವಾಗಿ ಅದರತ್ತ ವಾಲುತ್ತದೆ. ಬೆಂಕಿಯಲ್ಲಿ ಬಂದರೂ ಅದು ಕೆಂಡದಂತೆ ಸುಡುವುದಿಲ್ಲ. ಕರಗಿದ್ದೆಲ್ಲ ಹಾದಿಯಲ್ಲೇ ಹಾರಿಹೋಗಿರುತ್ತದೆ, ಒಳಗೆ ಬಾಹ್ಯಾಕಾಶದ ತಣ್ಣಗೆ ಹಾಗೇ ಉಳಿದಿರುತ್ತದೆ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಉಲ್ಕೆಯನ್ನು ದೂರಬೇಡಿ.

ಅರಿಶಿನ ಕುಂಕುಮ ಹಚ್ಚಬೇಡಿ, ತೊಳೆಯಬೇಡಿ, ಅಯಸ್ಕಾಂತವನ್ನು ಮೈಗೆ ಅಂಟಿಸಿ ಉಜ್ಜಲೂಬೇಡಿ. ಕಲ್ಲಿನೊಳಗಿನ ಹಳೆಯ ಕಾಂತದ ಗುರುತು ಅದರಿಂದ ಅಳಿಸಿಹೋಗುತ್ತದೆ. ಬಿದ್ದ ಜಾಗದ ಫೋಟೋ ತೆಗೆದು, ಶುಚಿಯಾದ ಕವರಿನಲ್ಲಿ ಇಟ್ಟು, ತಹಶೀಲ್ದಾರರ ಕಚೇರಿಗೆ ಅಥವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬೆಂಗಳೂರು ಕಚೇರಿಗೆ ತಿಳಿಸಿ. ದೇಶದ ಉಲ್ಕಾಶಿಲೆಗಳನ್ನು ಕಾಪಾಡಿ ಇಡುವ ಹೊಣೆ ಆ ಇಲಾಖೆಯದು.

ಉಲ್ಕೆಯಲ್ಲದ್ದನ್ನು ಉಲ್ಕೆ ಎಂದು ಸಾರುವ ಆತುರವೂ ಒಳ್ಳೆಯದಲ್ಲ. 2016ರ ಫೆಬ್ರವರಿಯಲ್ಲಿ ತಮಿಳುನಾಡಿನ ವೆಲ್ಲೂರು ಜಿಲ್ಲೆಯ ಕಾಲೇಜೊಂದರ ಆವರಣದಲ್ಲಿ ಸ್ಫೋಟವಾಗಿ ಒಬ್ಬರು ತೀರಿಕೊಂಡಾಗ, ಉಲ್ಕೆ ಬಿದ್ದು ಸತ್ತರು ಎಂಬ ಸುದ್ದಿ ಜಗತ್ತಿನಾದ್ಯಂತ ಹೋಯಿತು. ಚಿತ್ರಗಳನ್ನು ನೋಡಿದ ನಾಸಾದ ವಿಜ್ಞಾನಿಗಳು, ಇದು ನೆಲದ ಮೇಲಿನ ಸ್ಫೋಟದಂತೆಯೇ ಕಾಣುತ್ತದೆ ಎಂದರು.

ಬೆಂಕಿಯುಂಡೆ ಹೇಳಿ ಕೇಳಿ ಬರುವುದಿಲ್ಲ. ಆದರೆ ಮುಷ್ಟಿ ಅಳತೆಯ ಅಭ್ಯಾಸಕ್ಕೆ ಒಂದು ರಾತ್ರಿ ಗೊತ್ತಾಗಿದೆ. ಪ್ರತಿ ವರ್ಷ ಡಿಸೆಂಬರ್ 13, 14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬರುತ್ತವೆ. ಬೇರೆ ಉಲ್ಕಾವೃಷ್ಟಿಗಳಿಗೆ ನಡುರಾತ್ರಿ ಕಾಯಬೇಕು, ಇದು ಒಂಬತ್ತು ಗಂಟೆಗೆಲ್ಲ ಶುರು. ಬೀದಿದೀಪ ಕಾಣದ ಕಡೆ ಚಾಪೆ ಹಾಸಿ, ಕಂಬಳಿ ಹೊದ್ದು ಮಲಗಿ, ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬಿಡಿ. ಅಷ್ಟು ಹೊತ್ತು ಫೋನ್ ನೋಡುವ ಹಾಗಿಲ್ಲ. ತಾತನಿಗೆ ಟೋಪಿ, ಮಫ್ಲರ್ ಮರೆಯಬೇಡಿ. ಪಕ್ಕದ ತಾಲ್ಲೂಕಿನ ಚಿಕ್ಕಮ್ಮನ ಮಕ್ಕಳಿಗೂ ಅದೇ ಹೊತ್ತಿಗೆ ಹೊರಗೆ ಕೂರಲು ಹೇಳಿ, ಎರಡೂ ಮನೆಯವರು ಕಂಡದ್ದನ್ನು ಗಂಟೆ ನಿಮಿಷ ಸಮೇತ ಬರೆಯಿರಿ. ಬೆಳಗ್ಗೆ ತಾಳೆ ಹಾಕುವಾಗ ಒಂದಾದರೂ ಎರಡೂ ಪಟ್ಟಿಯಲ್ಲಿದ್ದರೆ, ನಕ್ಷೆ ಬಿಡಿಸಿ ಗೆರೆ ಎಳೆಯಬಹುದು.